ಮೋಹದ ಬಲೆಯೂ ಮನೆ ನೋಡುವ ಶಾಸ್ತ್ರವೂ

ಬದನೆಕಾಯಿ ಕೊಳ್ಳುವ ವಿಷಯದಲ್ಲಿ ನಾನು ಕಾಟದ ಗಿರಾಕಿ ಎಂದು ಶ್ರೀರಂಗಪಟ್ಟಣದ ತರಕಾರಿ ಸಾಲಿನಲ್ಲಿ ಹೆಸರಾಗಿದೆ. ಒಂದೊಂದು ಕಾಯನ್ನೂ ಎತ್ತಿ, ಸುತ್ತಲೂ ತಿರುಗಿಸಿ, ತೊಟ್ಟಿನ ಅಂಚನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ, ಬೆಳಕಿಗೆ ಹಿಡಿದು ನೋಡಿ, ಅನುಮಾನ ಬಂದರೆ ವಾಪಸು ಇಟ್ಟುಬಿಡುತ್ತೇನೆ. ನನಗೆ ಅನುಮಾನ ಬಾರದ ಕಾಯಿ ಇನ್ನೂ ಈ ಭೂಮಿಯ ಮೇಲೆ ಬಿಟ್ಟಿಲ್ಲ. ಒಂದು ದಿನ ತರಕಾರಿಯಾಕೆ ತಡೆಯಲಾರದೆ, "ಏನ್ ಮೇಡಮ್ಮಾರೇ, ಸಾರಿಗೆ ಕಾಯಿ ತಗೊಳ್ತಿದ್ದೀರೋ, ಇಲ್ಲಾ ಮಗಳಿಗೆ ಗಂಡು ನೋಡ್ತಿದ್ದೀರೋ?" ಎಂದು ಕೇಳಿಯೇಬಿಟ್ಟಳು. ನನಗೆ ಮಗಳಿಲ್ಲ. ಆದರೆ ಗಂಡು ನೋಡುವುದಕ್ಕೂ ಬದನೆಕಾಯಿ ನೋಡುವುದಕ್ಕೂ ಇರುವ ನಂಟು ಎಂಥದೆಂದು ಆಕೆಗಿಂತ ಚೆನ್ನಾಗಿ ನನಗೆ ಗೊತ್ತು. ಅದನ್ನೇ ನಿಮಗೆ ಹೇಳೋಣವೆಂದು ಕೂತಿದ್ದೇನೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ನುಡಿಗಟ್ಟುಗಳ ಪಾಠ ಬಂದಾಗಲೆಲ್ಲ 'ಪುಸ್ತಕದ ಬದನೆಕಾಯಿ' ಎಂದರೆ ಅನುಭವವಿಲ್ಲದ ಬರೀ ಓದು ಎಂದು ಮಕ್ಕಳಿಗೆ ಬರೆಸುತ್ತೇನೆ. ಬದನೆಕಾಯಿಯೇ ಯಾಕೆ, ಹೀರೇಕಾಯಿ ಯಾಕಲ್ಲ ಎಂದು ಯಾವ ಮಗುವೂ ಕೇಳಿಲ್ಲ, ಕೇಳಿದ್ದರೆ ನನ್ನ ಬಂಡವಾಳ ಬಯಲಾಗುತ್ತಿತ್ತು. ನಮ್ಮ ಹಿರಿಯರಿಗೆ ಈ ಕಾಯಿಯ ಮೇಲೆ ಅದೇನೋ ಸಲುಗೆ. 'ಹೇಳೋದು ಪುರಾಣ, ತಿನ್ನೋದು ಬದನೆಕಾಯಿ' ಎಂದು ಬೂಟಾಟಿಕೆಯವರನ್ನು ಬೈಯುವುದಕ್ಕೂ ಅದೇ ಬೇಕು. ಬೈಗುಳಕ್ಕೂ ಆಗುತ್ತದೆ, ಎಣ್ಣೆಗಾಯಿಗೂ ಆಗುತ್ತದೆ. ನನ್ನ ಮಟ್ಟಿಗೆ ಪುಸ್ತಕದ ಬದನೆಕಾಯಿಗೂ ಹೊಲದ ಬದನೆಕಾಯಿಗೂ ಇರುವ ವ್ಯತ್ಯಾಸ ಒಂದೇ: ಪುಸ್ತಕದ್ದಕ್ಕೆ ಹುಳು ಬೀಳುವುದಿಲ್ಲ. ಈ ಜ್ಞಾನ ನನಗೆ ಬಂದದ್ದು ನನ್ನ ತಮ್ಮ ಚಂದ್ರುವಿನ ಹೊಲದಲ್ಲಿ.

ಚಂದ್ರು ಪಾಂಡವಪುರ ತಾಲ್ಲೂಕಿನ ನಮ್ಮೂರಿನಲ್ಲಿ, ನಾಲೆಯ ಮಗ್ಗುಲಿನ ಜಮೀನು ಮಾಡಿಕೊಂಡು ಅವ್ವನ ಜೊತೆ ಇದ್ದಾನೆ. ಒಂದಿಷ್ಟು ಕಬ್ಬು, ಎರಡು ಸೀಮೆಹಸು, ಮಿಕ್ಕಿದ್ದರಲ್ಲಿ ಬದನೆ ಮತ್ತು ಮುಸುಕಿನ ಜೋಳ. ಮನೆಯ ಹಿತ್ತಲ ಬಾಗಿಲು ತೆಗೆದರೆ ಬದನೆ ಸಾಲು, ಅದರಾಚೆ ಜೋಳ. ಮನುಷ್ಯ ಮಿತಭಾಷಿ. ಆದರೆ ಹುಳುವಿನ ಮಾತು ಬಂದರೆ ನಿಲ್ಲಿಸುವುದು ಕಷ್ಟ. ಬೇರೆಯವರು ಫೋನಿನಲ್ಲಿ ಮಕ್ಕಳ ಫೋಟೋ ಇಟ್ಟುಕೊಂಡಿದ್ದರೆ ಇವನ ಫೋನಿನಲ್ಲಿ ಹುಳುಗಳ ಫೋಟೋ ಇರುತ್ತವೆ. ಊಟದ ಹೊತ್ತಿಗೆ ತೋರಿಸುವುದು ಅವನಿಗೆ ಹೆಚ್ಚು ಇಷ್ಟ.

ಅವನಿಂದ ನಾನು ಕಲಿತದ್ದೇನೆಂದರೆ, ಬದನೆ ಗಿಡವಾಗಿ ಹುಟ್ಟುವುದು ಸುಲಭದ ಜನ್ಮವಲ್ಲ. ಸಸಿಯಾಗಿರುವಾಗ ಬುಡ ಕೊಳೆಯುತ್ತದೆ. ನಾಟಿ ಮಾಡಿ ತಲೆಯೆತ್ತಿದ ಮೇಲೆ ಎಲೆಯ ಅಡಿಯಲ್ಲಿ ಬಿಳಿನೊಣ, ಜಿಗಿಹುಳು ಬಿಡಾರ ಹೂಡುತ್ತವೆ. ಬೆಳಗ್ಗೆ ನಳನಳಿಸುತ್ತಿದ್ದ ಗಿಡ ಸಂಜೆಗೆ ಜೋತುಬಿದ್ದರೆ ಅದು ಸೊರಗು ರೋಗ. ನೀರು ನಿಲ್ಲದ ಹಾಗೆ ಬಸಿಗಾಲುವೆ ಮಾಡಬೇಕು, ಬದನೆ ಕಿತ್ತ ಜಾಗಕ್ಕೆ ಮತ್ತೆ ಬದನೆ, ಟೊಮೇಟೊ ಹಾಕಬಾರದು. ಇನ್ನೊಂದು ರೋಗ ಬಂದರೆ ಗಿಡ ಹೂವು ಕಾಯಿ ಎಲ್ಲ ಮರೆತು ಬರೀ ಪುಟ್ಟ ಪುಟ್ಟ ಎಲೆಗಳನ್ನೇ ಪೊದೆಯಾಗಿ ಬಿಟ್ಟುಕೊಂಡು ನಿಲ್ಲುತ್ತದೆ. ನೋಡಲು ಬಲು ಮುದ್ದು, ಉಪಯೋಗಕ್ಕಿಲ್ಲ. ಅಂಥದ್ದನ್ನು ಕನಿಕರವಿಲ್ಲದೆ ಕಿತ್ತು ಹಾಕಬೇಕಂತೆ. ಇವೆಲ್ಲವನ್ನೂ ದಾಟಿ ಕಾಯಿ ಬಿಡುವ ಹೊತ್ತಿಗೆ ಬರುವವನೇ ನಿಜವಾದ ಯಜಮಾನ, ಕಾಯಿಕೊರಕ. ಮೊದಲು ಎಳೆ ಕುಡಿಯೊಳಗೆ ಹೊಕ್ಕು ತಲೆ ಬಾಗಿಸುತ್ತಾನೆ. ಆಮೇಲೆ ಕಾಯಿಗೆ ಇಳಿಯುತ್ತಾನೆ. ಒಳಗೆ ಹೋದವನು ತೂತನ್ನು ತನ್ನ ಹಿಕ್ಕೆಯಿಂದಲೇ ಮುಚ್ಚಿಕೊಂಡುಬಿಡುವುದರಿಂದ ಹೊರಗೆ ಕಾಯಿ ಮಿರಿಮಿರಿ ಮಿಂಚುತ್ತಲೇ ಇರುತ್ತದೆ. ಬಾಡಿದ ಕುಡಿಗಳನ್ನು ವಾರವಾರವೂ ಚಿವುಟಿ ಗುಂಡಿಯಲ್ಲಿ ಹೂಳುವುದು ಚಂದ್ರುವಿನ ನಿತ್ಯಕರ್ಮ. ಊರಿನ ಬೇರೆಯವರು ಅದನ್ನು ನೋಡಿ, "ಇವನೇನ್ಲಾ, ಟೀ ಎಲೆ ಕೀಳೋನಂಗೆ ಕೀಳ್ತಾವ್ನೆ" ಎಂದು ನಗುತ್ತಿದ್ದರು.

ಮುಸುಕಿನ ಜೋಳದ ಕಥೆ ಇನ್ನೂ ಸ್ವಾರಸ್ಯವಾದದ್ದು. ಜೋಳ ನಮ್ಮದಲ್ಲ, ಸಮುದ್ರದಾಚೆಯಿಂದ ಎಂದೋ ಬಂದು, ಮುಸುಕು ಹೊದ್ದು, ನಮ್ಮ ಮನೆಯದೇ ಆಗಿಹೋದ ಸೊಸೆ. ಸೊಸೆ ಬಂದು ಎಷ್ಟೋ ತಲೆಮಾರು ಕಳೆದ ಮೇಲೆ, ಮೊನ್ನೆ ಮೊನ್ನೆ, ಅವಳ ತವರಿನ ನೆಂಟನೊಬ್ಬ ವಿಳಾಸ ಹುಡುಕಿಕೊಂಡು ಬಂದ. ಅವನೇ ಸೈನಿಕ ಹುಳು. ಬಂದವನು ಸುಳಿಯೊಳಗೆ ಕೂತು, ಹಗಲು ಹೊರಗೆ ಮುಖ ತೋರಿಸದೆ, ಎಲೆಯನ್ನೆಲ್ಲ ಜರಡಿ ಮಾಡಿಬಿಡುತ್ತಾನೆ. ಹಣೆಯ ಮೇಲೆ ತಲೆಕೆಳಗಾದ ನಾಮದಂಥ ಗುರುತು ಇರುತ್ತದೆ. ಮೇಲುಕೋಟೆ ಇರುವ ತಾಲ್ಲೂಕಿಗೆ ಬಂದೂ ನಾಮವನ್ನು ಸರಿಯಾಗಿ ಇಟ್ಟುಕೊಳ್ಳಲು ಕಲಿಯಲಿಲ್ಲವಲ್ಲ ಎಂದು ಅವ್ವನಿಗೆ ಅವನ ಮೇಲೆ ಬೇರೆ ಸಿಟ್ಟು. ಅವನಿಗೆ ಚಂದ್ರು ಮಾಡುವ ಸತ್ಕಾರವೆಂದರೆ, ಪೈರು ಎಳೆಯದಾಗಿರುವಾಗ ಸುಳಿಗೆ ಬೂದಿ ಬೆರೆಸಿದ ಮಣ್ಣು. ಜಾಸ್ತಿಯಾದರೆ ತೌಡು, ಬೆಲ್ಲ ನೆನೆಸಿ ಹುಳಿ ಬರಿಸಿ, ಚೂರು ವಿಷ ಸೇರಿಸಿ, ಕೈಗವಸು ಹಾಕಿಕೊಂಡು ಸುಳಿಗೆ ಒಂದೊಂದು ಚಿಟಿಕೆ. "ಆಲೆಮನೆ ಬೆಲ್ಲ ಉಳಕ್ಕೆ ಇಕ್ತಾನೆ, ನಂಗೆ ಮಾತ್ರ ಸಕ್ಕರೆ ಕಾಯ್ಲೆ ಅಂತಾನೆ" ಎಂದು ಅವ್ವ ದೂರುತ್ತಾಳೆ. ಮಳೆ ಹಿಡಿದು ಎಲೆಯ ಮೇಲೆ ದೋಣಿಯಾಕಾರದ ಬೂದು ಮಚ್ಚೆ ಬಂದರೆ ಅದು ಅಂಗಮಾರಿ, ಅದರ ಪಾಠ ಬೇರೆ. ಅದನ್ನೂ ಹೇಳಿದರೆ ನೀವು ಎದ್ದು ಹೋಗುತ್ತೀರಿ.

ಇಷ್ಟೆಲ್ಲ ಶತ್ರುಗಳನ್ನು ನಿಭಾಯಿಸುತ್ತಿದ್ದ ನನ್ನ ತಮ್ಮನಿಗೆ ನಿಭಾಯಿಸಲು ಆಗದ ಒಂದೇ ಒಂದು ಕೆಲಸವಿತ್ತು. ಅದು ಮದುವೆ.

ನಮ್ಮ ಸೀಮೆಯಲ್ಲಿ ಈಗ ಹೊಲ ಮಾಡುವ ಹುಡುಗನಿಗೆ ಹೆಣ್ಣು ಸಿಗುವುದೆಂದರೆ ಬೇಸಿಗೆಯಲ್ಲಿ ನಾಲೆಗೆ ನೀರು ಸಿಕ್ಕ ಹಾಗೆ. ಬಿಡುತ್ತಾರೆ ಬಿಡುತ್ತಾರೆ ಅನ್ನುತ್ತಾರೆ, ಕಾಣುವುದಿಲ್ಲ. ಚಂದ್ರುವಿಗೆ ಮೂವತ್ತೈದು ದಾಟಿತ್ತು. ಬಂದ ಸಂಬಂಧಗಳೆಲ್ಲ ಕಾಫಿ ಕುಡಿದು ಹೋದವೇ ಹೊರತು ತಿರುಗಿ ಬರಲಿಲ್ಲ. ಹೆಣ್ಣಿನ ಅಪ್ಪನೂ ಉಳುವವನೇ, ಅಣ್ಣನೂ ಉಳುವವನೇ, ಅಳಿಯ ಮಾತ್ರ ಮೈಸೂರಿನಲ್ಲಿ ಕುರ್ಚಿಯ ಮೇಲೆ ಕೂರುವವನಾಗಬೇಕು. ಚಂದ್ರು ಮರುದಿನ ಎಂದಿನಂತೆ ಕುಡಿ ಚಿವುಟಲು ಹೋಗುತ್ತಿದ್ದ. ಆದರೆ ಅವ್ವ ಸಂಜೆ ದೀಪ ಹಚ್ಚಿ ಕೈಮುಗಿಯುವಾಗ ನಿಲ್ಲುತ್ತಿದ್ದ ಹೊತ್ತು ವರ್ಷದಿಂದ ವರ್ಷಕ್ಕೆ ಹೆಚ್ಚಾಗುತ್ತಿತ್ತು. ನನಗೆ ಅದನ್ನು ನೋಡಿ ಸಂಕಟವಾಗುತ್ತಿತ್ತು.

ಹೀಗಿರುವಾಗ ಕೆ.ಆರ್. ಪೇಟೆಯ ಪುಟ್ಟಸ್ವಾಮಿ ಮಾವ ನಾಗಮಂಗಲದ ಕಡೆಯ ಒಂದು ಸಂಬಂಧ ತಂದ. ಈತ ಅವ್ವನ ಖಾಸಾ ತಮ್ಮ. ಪೇಟೆಯಲ್ಲಿ ಗೊಬ್ಬರ, ಔಷಧಿ ಅಂಗಡಿ ಇಟ್ಟಿದ್ದಾನೆ. ಔಷಧಿ ಎಂದರೆ ಕೆಮ್ಮಿನದಲ್ಲ, ಬೆಳೆಗೆ ಹೊಡೆಯುವುದು. ಹುಳುವನ್ನು ಕೊಲ್ಲುವ ವಿಷಕ್ಕೆ ನಮ್ಮ ಜನ ಔಷಧಿ ಎಂದು ಹೆಸರಿಟ್ಟದ್ದು ಬಾಯಿ ಸಿಹಿ ಮಾಡಿಕೊಳ್ಳಲೇ ಇರಬೇಕು. ಮಾವನಿಗೆ ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ಬಾಯಿ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಯನ್ನು ಆತ ವ್ಯಾಪಾರದ ನಿಯಮವೆಂದೇ ತಿಳಿದವನು. ಹುಡುಗಿಯ ಹೆಸರು ಸವಿತಾ, ಬಿ.ಎ. ಮಾಡಿ ಊರಿನ ಹಾಲಿನ ಡೈರಿಯಲ್ಲಿ ಕೆಲಸಕ್ಕಿದ್ದಾಳೆ, ಅಪ್ಪ ತಿಮ್ಮಪ್ಪ ಮಳೆ ನಂಬಿ ಜೋಳ ಬೆಳೆಯುವವರು, ಹುಡುಗಿ ಈಗಾಗಲೇ ಹೊಲ ಮಾಡುವ ಎರಡು ಮೂರು ಗಂಡುಗಳನ್ನು ಬೇಡ ಅಂದಿದ್ದಾಳೆ, ಯಾಕೆ ಅಂತ ಹೇಳುವುದಿಲ್ಲ ಎಂದೆಲ್ಲ ವರದಿ ಕೊಟ್ಟ. ಕಾರ್ತಿಕದ ಒಂದು ಭಾನುವಾರ, ಸಂಜೆಯ ರಾಹುಕಾಲ ಕಳೆದ ಮೇಲೆ, ಮನೆ ನೋಡಲು ಬರುತ್ತಾರೆ ಎಂದು ಗೊತ್ತಾಯಿತು.

ಮನೆ ನೋಡುವ ಶಾಸ್ತ್ರದ ಬಗ್ಗೆ ಗೊತ್ತಿಲ್ಲದವರಿಗೆ ಒಂದು ಮಾತು. ಹೆಣ್ಣಿನ ಕಡೆಯವರು ಗಂಡಿನ ಮನೆಗೆ ಬಂದು ಮನೆ, ಕೊಟ್ಟಿಗೆ, ಹೊಲ ಎಲ್ಲ ನೋಡುತ್ತಾರೆ. ಈಗೀಗ ಹುಡುಗಿಯೂ ಜೊತೆಗೆ ಬರುವುದುಂಟು. ಬಾಳೆಹಣ್ಣು ತಿನ್ನುತ್ತಾರೆ, ಕಾಫಿ ಕುಡಿಯುತ್ತಾರೆ. ಉಪ್ಪು ಬಿದ್ದ ಊಟವನ್ನು ಮಾತ್ರ ಮನಸ್ಸು ಒಪ್ಪದ ಹೊರತು ಮುಟ್ಟುವುದಿಲ್ಲ. ಉಂಡರೋ, ಸಂಬಂಧ ಕುದುರಿದ ಹಾಗೆ. ಹಾಗಾಗಿ ಗಂಡಿನ ಮನೆಯಲ್ಲಿ ಅವತ್ತು ಅಡುಗೆ ಮಾಡಿಟ್ಟುಕೊಂಡು, ಮಾಡೇ ಇಲ್ಲವೆನ್ನುವ ಮುಖ ಮಾಡಿಕೊಂಡು ಕಾಯುತ್ತಾರೆ.

ಮಾವ ನಾಲ್ಕು ದಿನ ಮುಂಚೆಯೇ ಅಂಗಡಿಯಿಂದ ಒಂದು ಡಬ್ಬಿ ಹಿಡಿದು ಬಂದಿದ್ದ. "ನೋಡ್ಲಾ ಚಂದ್ರು, ಇದ್ನ ಒಂದ್ ಸಲ ಒಡ್ದ್ಬುಡು. ಅವ್ರು ಬರೋ ಒತ್ಗೆ ಎಲೆ ಮ್ಯಾಲೆ ಒಂದ್ ನೊಣ ಕೂತಿರಬಾರ್ದು."

"ಅವ್ರಿಗ್ ಬೇಯ್ಸಿ ಇಕ್ಕೋದು ಇದೇ ಕಾಯ್ನೆ ಕಣ್ ಮಾವ. ಔಷ್ದಿ ಒಡ್ದ ಕಾಯ ಬೀಗ್ರಿಗೆ ಉಣ್ಣಕ್ಕಿಕ್ಲಾ?"

"ಅವ್ರೇನ್ ಉಣ್ತಾರೋ ಇಲ್ವೋ. ಮೊದ್ಲು ಉಣ್ಣಂಗೆ ಮಾಡು."

"ಬ್ಯಾಡ ಸುಮ್ಕಿರು ಮಾವ. ಈಗ ಒಡುದ್ರೆ ಉಳ ತಿನ್ನೋ ಜೇಡ, ಗುಲಗಂಜಿ ಉಳ ಎಲ್ಲ ಸಾಯ್ತವೆ. ಬಲೆ ಕಟ್ಟಿವ್ನಿ, ಕುಡಿ ಚಿವುಟಿವ್ನಿ, ಅಷ್ಟ್ ಸಾಕು."

ಮಾವ ಡಬ್ಬಿ ವಾಪಸು ಚೀಲಕ್ಕೆ ಹಾಕಿಕೊಂಡ. ಅವನ ಮುಖ ನೋಡಿದರೆ ಸಂಬಂಧ ಆಗಲೇ ತಪ್ಪಿಹೋದಂತಿತ್ತು.

ಬಲೆಯ ವಿಷಯ ಹೇಳಬೇಕು. ಚಂದ್ರು ಅದನ್ನು ಮೋಹದ ಬಲೆ ಅನ್ನುತ್ತಾನೆ. ಗೂಟಕ್ಕೆ ಕಟ್ಟಿದ ಒಂದು ಪ್ಲಾಸ್ಟಿಕ್ ಲಾಳಿಕೆ, ಕೆಳಗೆ ಉದ್ದನೆಯ ಪಾರದರ್ಶಕ ಚೀಲ, ಮೇಲೆ ಪೆನ್ಸಿಲ್ ತುದಿಯ ರಬ್ಬರಿನಷ್ಟು ದೊಡ್ಡ ಒಂದು ತುಂಡು. ಹುಳು ಬೆಳೆದು ಚಿಟ್ಟೆಯಾಗುತ್ತದಲ್ಲ, ಆ ರಬ್ಬರಿನಲ್ಲಿ ಹೆಣ್ಣು ಚಿಟ್ಟೆಯ ವಾಸನೆ ತುಂಬಿರುತ್ತದೆ. ನಮ್ಮ ಮೂಗಿಗೆ ಏನೂ ಗೊತ್ತಾಗುವುದಿಲ್ಲ, ಗಂಡು ಚಿಟ್ಟೆಗೆ ಎಲ್ಲಿದ್ದರೂ ಗೊತ್ತಾಗುತ್ತದೆ. ಮದುವೆಯ ಆಸೆಯಿಂದ ಓಡಿಬಂದು ಚೀಲಕ್ಕೆ ಬೀಳುತ್ತದೆ. ಹೆಣ್ಣು ಸಿಗದೆ ಕೂತಿರುವ ನನ್ನ ತಮ್ಮ ಹೊಲದ ತುಂಬ ಇಂಥವನ್ನು ನೇತುಹಾಕಿದ್ದನ್ನು ನೆನೆದು ನಾನು ಎಷ್ಟೋ ಸಲ ಒಬ್ಬಳೇ ನಕ್ಕಿದ್ದೇನೆ, ನಕ್ಕಮೇಲೆ ಪಾಪ ಅನ್ನಿಸಿದೆ. ಬಲೆಗಳ ಮಧ್ಯೆ ಅಲ್ಲಲ್ಲಿ ಹಳದಿಯ ಅಂಟು ಹಾಳೆಗಳೂ ಇದ್ದವು, ಮೈತುಂಬ ನೊಣ ಮೆತ್ತಿಕೊಂಡು.

ಆ ಭಾನುವಾರ ಮಧ್ಯಾಹ್ನ ಚಂದ್ರು ಕುರ್ಚಿ, ಬಾಳೆಹಣ್ಣು ತರಲು ಪಾಂಡವಪುರಕ್ಕೆ ಹೋಗಿದ್ದ. ಅವ್ವ ಹಿತ್ತಲ ಬಾಗಿಲಲ್ಲಿ ನಿಂತು ಹೊಲ ನೋಡಿದಳು, ನನ್ನ ಮುಖ ನೋಡಿದಳು. "ಸತ್ತಿರೋ ಉಳ ಚೀಲ್ದಲ್ಲಿ ನೇತಾಕಿರೋ ಮನೆಗೆ ಯಾರವ್ವ ಹೆಣ್ ಕೊಡ್ತಾರೆ? ಮಾಟ ಮಾಡ್ಸಿರೋ ಒಲ ಇದ್ದಂಗದೆ."

ಓದಿದ ಮಗಳಾದ ನಾನು ಏನು ಹೇಳಬೇಕಿತ್ತು? "ಹೌದು ಕಣವ್ವ" ಅಂದೆ. ಸೀರೆ ಎತ್ತಿ ಕಟ್ಟಿಕೊಂಡು ಇಬ್ಬರೂ ಇಳಿದೆವು. ಬಲೆಗಳನ್ನು ಕಿತ್ತು ಹುಲ್ಲು ಮೆದೆಯ ಹಿಂದೆ ಒಟ್ಟಿದೆವು. ಅಂಟು ಹಾಳೆಗಳನ್ನು ಸುತ್ತಿಟ್ಟೆವು, ಒಂದು ನನ್ನ ಕೂದಲಿಗೆ ಹತ್ತಿಕೊಂಡಿತು. ತೂತು ಬಿದ್ದ ಕಾಯಿ ಕಣ್ಣಿಗೆ ಬಿದ್ದಷ್ಟನ್ನೂ ಅವ್ವ ಕಿತ್ತು ಬದುವಿನಾಚೆ ಎಸೆದಳು. ಸುಳಿಗೆ ಹಾಕಿದ್ದ ಮಣ್ಣು ಕೊಳಕಾಗಿ ಕಾಣುತ್ತದೆಂದು ನಾಲ್ಕು ಸಾಲು ಜೋಳಕ್ಕೆ ಪೈಪಿನಲ್ಲಿ ಸ್ನಾನವನ್ನೂ ಮಾಡಿಸಿದಳು. ಬಲೆಯ ರಬ್ಬರುಗಳು ಮಾತ್ರ ಎಲ್ಲಾದರೂ ಕಳೆದಾವೆಂದು ನಾನು ಜಾಣತನದಿಂದ ಬಿಡಿಸಿ, ಕಾಗದದಲ್ಲಿ ಸುತ್ತಿ, ನನ್ನ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡೆ. ಬದನೆಯವೂ ಜೋಳದವೂ ಎಲ್ಲ ಒಟ್ಟಿಗೆ. ಚಂದ್ರು ಬರುವಷ್ಟರಲ್ಲಿ ಸಂಜೆಯಾಗಿತ್ತು. ಹೊಲದ ಕಡೆ ತಿರುಗಲು ಬಿಡದೆ ಅವನನ್ನು ಬಚ್ಚಲಿಗೆ ತಳ್ಳಿದೆವು.

ಅವರು ದೀಪ ಹಚ್ಚುವ ಹೊತ್ತಿಗೆ ಬಂದರು. ತಿಮ್ಮಪ್ಪ, ಅವರ ವಯಸ್ಸಾದ ತಾಯಿ, ಮತ್ತು ಸವಿತಾ. ತಿಮ್ಮಪ್ಪ ಸಣ್ಣಗೆ, ಬಿಗಿಯಾಗಿದ್ದರು. ಮಾತು ಅಳೆದು ತೂಗಿ. ಹುಡುಗಿ ಹಸಿರು ಸೀರೆಯುಟ್ಟು ಅಜ್ಜಿಯ ಪಕ್ಕ ಕೂತು ಗೋಡೆ ನೋಡುತ್ತಿದ್ದಳು. ಆಗಲೇ ಬೇಡವೆಂದು ತೀರ್ಮಾನಿಸಿ ಬಂದವಳ ಹಾಗೆ ಕಂಡಿತು ನನಗೆ. ಒಳಗೆ ಒಲೆಯ ಮೇಲೆ ಬದನೆಕಾಯಿ, ಅವರೆಕಾಳಿನ ಸಾರು ಕುದಿಯುತ್ತಿತ್ತು, ಆದರೆ ನಾವು ಏನೂ ಮಾಡಿರಲಿಲ್ಲವಲ್ಲ.

"ಬೆಳೆಗೆ ರೋಗ ಗೀಗ ಎಂಗೆ ಈ ಕಡೆ?" ಎಂದು ತಿಮ್ಮಪ್ಪ ಕೇಳಿದರು.

ಚಂದ್ರು ಬಾಯಿ ತೆರೆಯುವ ಮೊದಲೇ ಮಾವ ತೆರೆದ. "ನಮ್ಮುಡುಗನ್ ಒಲದಲ್ಲಿ ಒಂದೇ ಒಂದ್ ಉಳ ತೋರ್ಸುಬುಡಿ, ಈ ಮೀಸೆ ಬೋಳ್ಸ್ಕತೀನಿ. ಗೋವಿಂದನಳ್ಳಿ ಪಂಚಲಿಂಗೇಶ್ವರನ ಆಣೆ."

ಐದು ಲಿಂಗಗಳ ಮೇಲೆ ಒಂದೇ ಉಸಿರಿಗೆ ಆಣೆ ಇಡುವ ಧೈರ್ಯ ಮಾವನದು. ಆಣೆ ಮುಗಿಯುವಷ್ಟರಲ್ಲಿ ನನ್ನ ಹೆಗಲ ಮೇಲೆ ಒಂದು ಪುಟ್ಟ ಬಿಳಿ ಚಿಟ್ಟೆ ಬಂದು ಕೂತಿತು. ಕೈಯಿಂದ ಕೊಡವಿದೆ. ಇನ್ನೊಂದು ಬಂದು ಮಡಿಲಿನ ಮೇಲೆ ಕೂತಿತು. ಆಮೇಲೆ ಬೂದು ಬಣ್ಣದ ದಪ್ಪನೆಯದೊಂದು ಕಿಟಕಿಯಿಂದ ನೇರವಾಗಿ ನುಗ್ಗಿ ನನ್ನ ಬ್ಯಾಗಿನ ಸುತ್ತ ಪ್ರದಕ್ಷಿಣೆ ಹಾಕತೊಡಗಿತು. ನೋಡನೋಡುತ್ತಿದ್ದಂತೆ ಮತ್ತಷ್ಟು. ಅಷ್ಟು ದೊಡ್ಡ ಟ್ಯೂಬ್‌ಲೈಟು ಉರಿಯುತ್ತಿದ್ದರೂ ಅದರ ಕಡೆ ಹೋಗದೆ ಎಲ್ಲವೂ ನನ್ನನ್ನೇ ಮುತ್ತಿದವು. ಕುಂಕುಮದ ಡಬ್ಬಿ ತೆಗೆಯಲೆಂದು ಬ್ಯಾಗಿನ ಜಿಪ್ಪು ಎಳೆದೆ ನೋಡಿ, ಇದ್ದಬದ್ದವೆಲ್ಲ ಒಳಗೇ ಇಳಿದವು.

"ಏನ್ ತಾಯಿ, ಅದ್ಯಾವ್ ಊವ ಮುಡ್ದಿದ್ದೀಯೆ?" ಎಂದು ಅಜ್ಜಿ ಕೇಳಿದರು.

ಮಾವ ಹೆಗಲ ಟವೆಲು ತೆಗೆದು ಬೀಸುತ್ತಾ, "ದೀಪದ್ ಉಳ ಕಣ್ ಬುಡಿ, ನಾಲೆ ಪಕ್ಕ ಇವೆಲ್ಲ ಇದ್ದದ್ದೇ" ಎಂದು ಸಮಜಾಯಿಷಿ ಕೊಡುತ್ತಿದ್ದ. ಚಂದ್ರು ಮಾತ್ರ ಬಗ್ಗಿ ಒಂದನ್ನು ಅಂಗೈಯಲ್ಲಿ ಹಿಡಿದು ನೋಡಿದ. ಬಿಳಿ ರೆಕ್ಕೆಯ ಮೇಲೆ ಕಂದು ಮಚ್ಚೆ. ತಲೆ ಎತ್ತಿ ನನ್ನನ್ನು ನೋಡಿದ.

"ಅಕ್ಕ, ನನ್ ಬಲೆ ಎಲ್ಲಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ನಾನು ಬ್ಯಾಗು ಮುಟ್ಟಿಕೊಂಡೆ. ಅವನಿಗೆ ಅಷ್ಟೇ ಸಾಕಾಯಿತು. ಎದ್ದು ನಿಂತು, ಬೀಗರಾಗಬೇಕಾದವರ ಕಡೆ ತಿರುಗಿ, "ಇವು ಬದ್ನೆ ಕಾಯಿಕೊರಕದ ಗಂಡು ಚಿಟ್ಟೆಗಳು. ದಪ್ಪಕ್ಕಿರೋವು ಜೋಳದ್ವು. ಈಗ ಇವು ಆರಾಡೋ ಒತ್ತು. ನಾನ್ ಬಲೆ ಕಟ್ಬುಟ್ಟು ಬತ್ತೀನಿ, ತಪ್ಪು ತಿಳ್ಕಬ್ಯಾಡಿ" ಎಂದು ಹೇಳಿ, ಗೂಡಿನಲ್ಲಿದ್ದ ಟಾರ್ಚು ತೆಗೆದುಕೊಂಡ. ನನ್ನ ಮದುವೆಗೆ ಮೊದಲು ಬಂದ ಗಂಡುಗಳನ್ನೆಲ್ಲ ಸೇರಿಸಿದರೂ ಅವತ್ತು ನನ್ನ ಬ್ಯಾಗಿನಲ್ಲಿದ್ದಷ್ಟು ಆಗುತ್ತಿರಲಿಲ್ಲ ಎಂಬ ವಿಚಾರ ಆ ಗಳಿಗೆಯಲ್ಲೂ ನನಗೆ ಹೊಳೆದು, ನಗು ತಡೆಯಲು ಸೆರಗು ಕಚ್ಚಿಕೊಳ್ಳಬೇಕಾಯಿತು.

"ಲೇ, ಕೂತ್ಕಳ್ಲಾ. ಎಣ್ಣಿನ್ ಕಡೆಯೋರ್ ಬಂದವ್ರೆ" ಎಂದು ಮಾವ ಹಲ್ಲು ಕಚ್ಚಿ ಪಿಸುಗುಟ್ಟಿದ. ಮೀಸೆಯ ಮೇಲೆ ಟವೆಲು ಮುಚ್ಚಿಕೊಂಡೇ ಪಿಸುಗುಟ್ಟಿದ. ಅವ್ವ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳ ಮುಖ ನೋಡಿ ನನ್ನ ನಗು ಇಂಗಿಹೋಯಿತು. ಈ ಸಂಬಂಧವೂ ಕಾಫಿ ಕುಡಿದು ಎದ್ದು ಹೋಗುತ್ತದೆ, ಈ ಸಲ ಅದಕ್ಕೆ ಕಾರಣ ನಾನು ಎಂದುಕೊಂಡೆ.

ಆಗ ಸವಿತಾ ಗೋಡೆ ನೋಡುವುದನ್ನು ಬಿಟ್ಟು ಅಪ್ಪನ ಕಡೆ ತಿರುಗಿದಳು. "ಅಪ್ಪ, ನಾನೂ ಓಗಿ ನೋಡ್ಕಂಡ್ ಬರ್ಲಾ?" ತಿಮ್ಮಪ್ಪ ಒಂದು ಕ್ಷಣ ಯೋಚಿಸಿ ತಲೆಯಾಡಿಸಿದರು. ಇಬ್ಬರನ್ನೇ ಕಳಿಸುವುದು ಸರಿಯಲ್ಲವೆಂದು, ಅದಕ್ಕಿಂತ ಹೆಚ್ಚಾಗಿ ರಬ್ಬರುಗಳು ನನ್ನ ಬಳಿಯೇ ಇದ್ದವೆಂದು, ನಾನೂ ಹಿಂದೆ ಹೊರಟೆ. ಬ್ಯಾಗನ್ನು ಕೈ ಚಾಚಿ ದೂರ ಹಿಡಿದುಕೊಂಡಿದ್ದೆ.

ಹೊಲದಲ್ಲಿ ತಂಪಾಗಿತ್ತು. ಸಕ್ಕರೆ ಕಾರ್ಖಾನೆಯ ಕಡೆಯಿಂದ ಕಬ್ಬಿನ ಹಾಲಿನ ಘಮಲು ಗಾಳಿಯಲ್ಲಿ ತೇಲಿ ಬರುತ್ತಿತ್ತು. ಚಂದ್ರು ಒಂದೊಂದೇ ಗೂಟಕ್ಕೆ ಬಲೆ ಕಟ್ಟುತ್ತಾ ಹೋದ, ಹುಡುಗಿ ಟಾರ್ಚು ಹಿಡಿದಳು. ಎರಡು ಮೂರು ಬಲೆ ಕಟ್ಟಿಯಾಯಿತು. ಆಮೇಲೆ ಅವಳು ಕೇಳಿದಳು.

"ಔಷ್ದಿ ಒಡಿಯಕ್ಕಿಲ್ವಾ ನೀವು?"

ಹೊಡೆಯುವುದೇ ಇಲ್ಲ ಅನ್ನು, ಅನ್ನು ಎಂದು ನಾನು ಮನಸ್ಸಿನಲ್ಲೇ ಹೇಳಿಕೊಡುತ್ತಿದ್ದೆ. ಚಂದ್ರು ಗಂಟು ಬಿಗಿಯುತ್ತಲೇ, "ಒಡೀತೀನಿ" ಅಂದ. "ಕೈ ಮೀರುದ್ರೆ ಒಡೀಲೇಬೇಕು. ಓದ್ ಮಳೇಲಿ ಒಂದ್ ಸಲ ಒಡ್ದೆ. ಮೂಗು ಬಾಯಿ ಕಟ್ಕಂಡು, ಗಾಳಿ ಬೆನ್ನಿಗ್ ಬುಟ್ಕಂಡು ಒಡೀತೀನಿ. ಒಡುದ್ ಮ್ಯಾಲೆ ಇಷ್ಟ್ ದಿನ ಕಾಯಿ ಕೀಳಬಾರ್ದು ಅಂತ ಡಬ್ಬಿ ಮ್ಯಾಲೆ ಬರ್ದಿರ್ತದೆ, ಕೀಳಕಿಲ್ಲ."

ಅವಳು ಟಾರ್ಚನ್ನು ಮುಂದಿನ ಗೂಟಕ್ಕೆ ತಿರುಗಿಸಿದಳು. "ನಮ್ಮಪ್ಪ ಓದ್ವರ್ಷ ಜೋಳಕ್ಕೆ ಒಡೀತಾ ಒಲದಲ್ಲೇ ಬಿದ್ಬುಟ್ರು. ಬರೀ ಬನೀನಲ್ಲಿ ಒಡೀತಿದ್ರು. ನಾನೇ ಆಟೋದಲ್ಲಿ ಆಕ್ಕಂಡು ನಾಗಮಂಗಲಕ್ ಓದೆ. ಈಗ ಉಸಾರಾಗವ್ರೆ. ಆದ್ರೆ ಯಾರಾರ ಬೆನ್ನಿಗ್ ಪಂಪ್ ಕಟ್ಕಳೋದ್ ಕಂಡ್ರೆ ನಂಗೆ ಅನ್ನ ಸೇರಕಿಲ್ಲ."

ಹೊಲ ಮಾಡುವ ಗಂಡುಗಳನ್ನು ಅವಳು ಯಾಕೆ ಬೇಡವೆಂದಿದ್ದಳೋ ಆಗ ತಿಳಿಯಿತು. ಅದನ್ನು ಅಪ್ಪನೆದುರು ಹೇಳಿದರೆ ಅಪ್ಪ ನೊಂದುಕೊಳ್ಳುತ್ತಾರೆಂದು ಬಾಯಿ ಮುಚ್ಚಿಕೊಂಡಿದ್ದಳು. ನನಗೆ ಆ ಹುಡುಗಿಯನ್ನು ತಬ್ಬಿಕೊಳ್ಳಬೇಕೆನಿಸಿತು, ಬ್ಯಾಗಿನ ತುಂಬ ಚಿಟ್ಟೆ ಇದ್ದುದರಿಂದ ಸುಮ್ಮನಾದೆ.

ಚಂದ್ರುವಿಗೆ ಸಮಾಧಾನದ ಮಾತು ಬರುವುದಿಲ್ಲ. ಅವನು ಟಾರ್ಚು ಇಸಿದುಕೊಂಡು ಗಿಡಗಳ ನಡುವೆ ಬಗ್ಗಿ ಹುಡುಕಿ, ಅವ್ವನ ಕಣ್ಣು ತಪ್ಪಿಸಿ ಉಳಿದಿದ್ದ ಒಂದು ಕಾಯನ್ನು ಕಿತ್ತು ಮುರಿದು ತೋರಿಸಿದ. ಹೊರಗೆ ನುಣ್ಣಗಿದ್ದ ಕಾಯಿಯ ಒಳಗೆ ಕಪ್ಪು ದಾರಿ, ಅದರ ಕೊನೆಯಲ್ಲಿ ನಸುಗೆಂಪಿನ ಹುಳು. "ನೋಡಿ, ಇಷ್ಟೆಲ್ಲ ಮಾಡುದ್ರೂ ಇದು ಇದ್ದೇ ಇರ್ತದೆ. ಪೂರ್ತಿ ಓಗಕಿಲ್ಲ. ಅದು ಒಂದಷ್ಟು ತಿಂತದೆ, ನಮಗ್ ಒಂದಷ್ಟು ಬುಡ್ತದೆ. ನಂ ಮಾವ ಏಳಿದ್ದು ಸುಳ್ಳು."

ಮನೆ ನೋಡಲು ಬಂದವಳ ಕೈಗೆ ಹುಳು ಬಿದ್ದ ಕಾಯಿ ಕೊಟ್ಟ ಗಂಡನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಹಿಂದಿನಿಂದ ಅವನ ಬೆನ್ನು ಚಿವುಟಿದೆ. ಅವನು ಸೊಳ್ಳೆ ಎಂದುಕೊಂಡು ತಟ್ಟಿಕೊಂಡ. ಸವಿತಾ ಆ ಕಾಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

ಮನೆಗೆ ಬಂದಾಗ ಎಲ್ಲರೂ ಎದ್ದು ನಿಂತಿದ್ದರು. ತಿಮ್ಮಪ್ಪ ಚಪ್ಪಲಿ ಮೆಟ್ಟಿಕೊಂಡಾಗಿತ್ತು, ಅಜ್ಜಿ ಊರುಗೋಲು ಹುಡುಕುತ್ತಿದ್ದರು. ಮಾವ ಮೂಲೆಯಲ್ಲಿ ಕೂತು ನೆಲ ನೋಡುತ್ತಿದ್ದ. "ಕತ್ಲಾಯ್ತು, ನಾಗಮಂಗ್ಲದ ಬಸ್ಸು ತಪ್ತದೆ. ಏನವ್ವ, ಒಲ್ಡನಾ?" ಎಂದರು ತಿಮ್ಮಪ್ಪ ಮಗಳಿಗೆ.

ಸವಿತಾ ಕಾಲು ತೊಳೆದುಕೊಂಡು ಒಳಗೆ ಬಂದು, ಅಡುಗೆಮನೆಯ ಕಡೆ ಒಮ್ಮೆ ನೋಡಿ, "ಉಂಡ್ಕಂಡೇ ಓಗನ ಕಣಪ್ಪ. ಒಟ್ಟೆ ಅಸ್ದದೆ" ಅಂದಳು.

ತಿಮ್ಮಪ್ಪ ಮಗಳ ಮುಖವನ್ನು ನೋಡಿ, ನಿಧಾನವಾಗಿ ಚಪ್ಪಲಿ ಬಿಟ್ಟರು. ಅವ್ವ ಅಳುತ್ತಲೇ ಮುದ್ದೆ ಕಟ್ಟಿದಳು. ಆ ಮುದ್ದೆಗೆ ಬೇರೆ ಉಪ್ಪು ಬೇಕಿರಲಿಲ್ಲ. ಅಜ್ಜಿ ಎರಡನೇ ಸಲ ಸಾರು ಹಾಕಿಸಿಕೊಂಡರು. ಸಾರಿನ ಪರಿಮಳ ಮೊದಲೇ ಬಂದಿತ್ತು, ಹೇಳಿದರೆ ತಪ್ಪಾಗುತ್ತಿತ್ತು, ಅದಕ್ಕೇ ಸುಮ್ಮನಿದ್ದೆ ಎಂದು ಆಮೇಲೆ ಒಪ್ಪಿಕೊಂಡರು.

ಮದುವೆ ಮಾಘದಲ್ಲಿ ಆಯಿತು. ಮಾವನ ಮೀಸೆ ಫೋಟೋದಲ್ಲಿ ಮೊದಲಿಗಿಂತ ಸೊಂಪಾಗಿ ಬಂದಿದೆ. ಈಗ ಆತನ ಅಂಗಡಿಯಲ್ಲಿ ಡಬ್ಬಿಗಳ ಪಕ್ಕ ಮೋಹದ ಬಲೆಗಳೂ ನೇತಾಡುತ್ತವೆ, ತಾನು ಮೊದಲಿನಿಂದಲೂ ಇದನ್ನೇ ಹೇಳುತ್ತಿದ್ದೆ ಎಂದು ಗಿರಾಕಿಗಳಿಗೆ ಹೇಳುತ್ತಾನೆ. ತಿಮ್ಮಪ್ಪ ಅಳಿಯನ ಮಾತು ಕೇಳಿ ಮೈತುಂಬ ಅಂಗಿ ತೊಡಲು ಒಪ್ಪಿದ್ದಾರೆ, ಮೂಗಿಗೆ ಬಟ್ಟೆ ಕಟ್ಟಲು ಇನ್ನೂ ಚೌಕಾಸಿ ನಡೆದಿದೆ.

ಮೊನ್ನೆ ರಜೆಯಲ್ಲಿ ಹೋಗಿದ್ದಾಗ ನಾನೂ ಸವಿತಾಳೂ ಬದನೆ ಸಾಲಿನಲ್ಲಿ ಬಾಡಿದ ಕುಡಿ ಚಿವುಟುತ್ತಿದ್ದೆವು. ಬಹಳ ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿದೆ. ಅವತ್ತು ಯಾಕೆ ಒಪ್ಪಿಕೊಂಡೆ, ಅವನು ಔಷಧಿ ಹೊಡೆಯುತ್ತೀನಿ ಅಂತಲೇ ಹೇಳಿದನಲ್ಲ?

ಅವಳು ಕುಡಿಗಳನ್ನು ಬುಟ್ಟಿಗೆ ಹಾಕುತ್ತಾ, "ಇದಕ್ ಮುಂಚೆ ಬಂದೋರೆಲ್ಲ ಚೆನ್ನಾಗಿರೋದ್ನೆ ತೋರ್ಸುದ್ರು ಕಣಕ್ಕ" ಅಂದಳು. "ನೀವೂ ಅದ್ನೆ ತೋರ್ಸಕ್ ನಿಂತಿದ್ರಿ. ಇವ್ರೊಬ್ರೇಯ ಕತ್ಲಲ್ಲಿ ಹುಡುಕ್ ಹುಡುಕಿ ಉಳ ಬಿದ್ದಿದ್ದ ತೋರ್ಸಿದ್ದು. ಇಂಥೋರ್ ಜೊತೆ ಎದ್ರುಕೊಳ್ದಂಗೆ ಇರಬೋದು ಅನ್ನುಸ್ತು."

ಬಸ್ಸಿನಲ್ಲಿ ಮನೆಗೆ ಬರುವ ದಾರಿಯುದ್ದಕ್ಕೂ ಅದೇ ಮಾತು ತಲೆಯಲ್ಲಿ ಓಡುತ್ತಿತ್ತು. ಮನೆಗೆ ಬಂದವಳೇ, ಪೇಪರು ಓದುತ್ತಿದ್ದ ನನ್ನವರ ಎದುರು ಕೂತು, "ರೀ, ನಿಮಗೊಂದು ವಿಷಯ ಹೇಳ್ಬೇಕು. ನಾನು ತಲೆಗೆ ಬಣ್ಣ ಹಚ್ತೀನಿ" ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ.

ಅವರು ಪೇಪರಿನ ಪುಟ ತಿರುಗಿಸುತ್ತಾ, "ಗೊತ್ತು ಕಣೇ. ದಿಂಬಿನ ಕವರು ಒಗೆಯೋನು ನಾನಲ್ವಾ?" ಅಂದರು.